ಅವ್ವನ ಕಾಲಾಗ ಕಸುವಿಲ್ಲ, ಪ್ರೋಟೀನ್ ಪುಡಿ ಕೊಡಬಹುದೇ?

ಪ್ರಶ್ನೆ: "ನಮ್ಮವ್ವಗ ಈಗ 69 ವರ್ಷ. 12 ವರ್ಷದಿಂದ ಶುಗರ್ ಐತಿ, ಮೆಟ್ಫಾರ್ಮಿನ್ ಮತ್ತ ಗ್ಲಿಮೆಪಿರೈಡ್ ಗುಳಿಗಿ ತಗೋತಾಳ. ಹೋದ ಮಳಿಗಾಲದಾಗ ಜ್ವರ ಬಂದು ಹತ್ತು ದಿನ ಹಾಸಿಗಿ ಹಿಡಿದಿದ್ದಳು. ಅವತ್ತಿನಿಂದ ಕಾಲಾಗ ಕಸುವಿಲ್ಲ. ನೆಲಕ್ಕ ಕುಂತ್ರ ಯಾರಾರ ಕೈ ಹಿಡಿದು ಎಬ್ಬಿಸಬೇಕು. ಎಂಟು ತಿಂಗಳದಾಗ ತೂಕ 56ರಿಂದ 51 ಕಿಲೋಕ್ಕ ಇಳಿದೈತಿ. ಮುಂಜಾನೆ ಚಹಾ-ಬಿಸ್ಕೀಟು, ಆಮ್ಯಾಲೆ ಒಂದೀಟು ಉಪ್ಪಿಟ್ಟು. ಮಧ್ಯಾಹ್ನ ಒಂದೂವರಿ ರೊಟ್ಟಿ, ಪಲ್ಯ. ರಾತ್ರಿ ಅನ್ನ-ಸಾರು, ನೀರು ಮಜ್ಜಿಗಿ. ಬ್ಯಾಳಿ-ಕಾಳು ತಿಂದ್ರ ಗ್ಯಾಸ್ ಆಗತೈತಿ ಅಂತ ಬಿಟ್ಟಾಳ, ಯೂರಿಕ್ ಆಸಿಡ್ 6.8 ಬಂದಾಗಿಂದ ಅಂತೂ ಮುಟ್ಟೋದಿಲ್ಲ. ಸೋಮವಾರ, ಏಕಾದಶಿ ಉಪವಾಸ. ಮೊಣಕಾಲು ನೋವಿಗೆ ಆಗಾಗ ಮೆಡಿಕಲ್ ಶಾಪಿನ ಗುಳಿಗಿ. ಬೆಂಗಳೂರಾಗಿರೋ ನನ್ನ ತಮ್ಮ ದೊಡ್ಡದೊಂದು ಪ್ರೋಟೀನ್ ಪುಡಿ ಡಬ್ಬಿ ಕಳಿಸ್ಯಾನ. ಬಾಜೂಮನಿಯವರು 'ಅದನ್ನ ಕೊಟ್ಟರ ಕಿಡ್ನಿ ಹೋಗತಾವ' ಅಂತಾರ. ಕ್ರಿಯಾಟಿನಿನ್ 1.1 ಐತಿ, ಲ್ಯಾಬ್ ಚೀಟಿಯಾಗ ನಾರ್ಮಲ್ ಅಂತ ಬರದೈತಿ. ಡಾಕ್ಟರು ವಾಕಿಂಗ್ ಮಾಡ್ರಿ ಅಂದಾರ, ದಿನಾ ಮನಿ ಮುಂದ ಎರಡು ಸುತ್ತು ಹಾಕತಾಳ. ಪುಡಿ ಕೊಡಲೋ ಬ್ಯಾಡೋ?"
(ಓದುಗ ಸೋದರಿಯೊಬ್ಬರು, ಬೆಟಗೇರಿ)

ಉತ್ತರ: ಡಬ್ಬಿಯನ್ನು ಸದ್ಯಕ್ಕೆ ಒಡೆಯಬೇಡಿ. ಆದರೆ ಬೇಳೆ-ಕಾಳನ್ನು ಈ ಹೊತ್ತಿನ ಊಟದಿಂದಲೇ ಮತ್ತೆ ಶುರು ಮಾಡಿ. ಒಂದು ಕೈಯಲ್ಲಿ ಪ್ರೋಟೀನ್ ಬೇಡ ಎಂದು, ಇನ್ನೊಂದು ಕೈಯಲ್ಲಿ ಕೊಡಿ ಎನ್ನುತ್ತಿದ್ದಾರಲ್ಲ ಅನ್ನಿಸಬಹುದು. ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು, ನೀವು ಬರೆದೂ ಕೇಳದೇ ಬಿಟ್ಟ ಒಂದು ಸಂಗತಿ. 56ರಿಂದ 51 ಅಂದರೆ ಎಂಟು ತಿಂಗಳಲ್ಲಿ ಮೈತೂಕದ ನೂರಕ್ಕೆ 9ರಷ್ಟು ಹೋಗಿದೆ. ತಾವಾಗಿ ಇಳಿಸದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5ಕ್ಕಿಂತ ಹೆಚ್ಚು ತೂಕ ಇಳಿದರೆ ಅದರ ಕಾರಣ ಹುಡುಕಲೇಬೇಕು. "ವಯಸ್ಸಾತು, ಸೊರಗ್ಯಾರ" ಅನ್ನುವುದನ್ನು ನಾವು ವೈದ್ಯರು ಕಾರಣವೆಂದು ಒಪ್ಪುವುದಿಲ್ಲ, ಒಪ್ಪಲೂಬಾರದು. ಹತೋಟಿ ತಪ್ಪಿದ ಶುಗರ್, ಥೈರಾಯ್ಡ್, ಕ್ಷಯ, ಎಲ್ಲೋ ಒಳಗೆ ಬೆಳೆಯುತ್ತಿರುವ ಗಡ್ಡೆ, ಹಲ್ಲು ಬಿದ್ದು ಅಗಿಯಲಾಗದಿರುವುದು, ಮನಸ್ಸು ಕುಗ್ಗಿ ಹಸಿವೆ ಸತ್ತಿರುವುದು, ಇವುಗಳಲ್ಲಿ ಯಾವುದೂ ಇರಬಹುದು. ಮೆಟ್ಫಾರ್ಮಿನ್ ಕೆಲವರಲ್ಲಿ ಹಸಿವೆ ತಗ್ಗಿಸುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದೂ ಉಂಟು; ಆಗ ಕಾಲು ಜುಮುಗುಡುತ್ತದೆ, ನಡಿಗೆ ತೂರಾಡುತ್ತದೆ. ಡಿ ವಿಟಮಿನ್ ಕೊರತೆಯಾದರೆ ಮೊದಲು ಸೋಲುವುದು ತೊಡೆ ಮತ್ತು ಸೊಂಟದ ಸ್ನಾಯುಗಳೇ. ಇವನ್ನೆಲ್ಲ ನೋಡದೆ ಪುಡಿ ಕಲಸಿ ಕುಡಿಸಿದರೆ ಒಳಗಿರುವ ರೋಗ ಇನ್ನೂ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಈಗ ಕಾಲಿನ ಮಾತು. ವಯಸ್ಸಿನೊಂದಿಗೆ ಸ್ನಾಯು ಕರಗಿ ಕಸುವು ಕುಂದುವ ಈ ಸ್ಥಿತಿಗೆ ಅಮೆರಿಕದ ಪೋಷಣಾ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಐವತ್ತು ದಾಟಿದ ಮೇಲೆ ಸ್ನಾಯುವಿನ ಗಾತ್ರ ವರ್ಷಕ್ಕೆ ಹೆಚ್ಚುಕಡಿಮೆ ನೂರಕ್ಕೆ 1ರಂತೆ ಇಳಿಯುತ್ತದೆ. ಕಸುವು ಅದರ ಎರಡು-ಮೂರು ಪಟ್ಟು ವೇಗದಲ್ಲಿ ಇಳಿಯುತ್ತದೆ. ಹಾಗಾಗಿಯೇ ಮೈ ತುಂಬಿಕೊಂಡಿದ್ದೂ ಕುರ್ಚಿಯಿಂದ ಏಳಲು ಒದ್ದಾಡುವವರು ಹುಬ್ಬಳ್ಳಿಯ ನಮ್ಮ ಓಪಿಡಿಯಲ್ಲಿ ದಿನವೂ ಸಿಗುತ್ತಾರೆ.

ಈ ಇಳಿತ ಎಲ್ಲರಿಗೂ ಸಮನಾಗಿ, ನಿಧಾನವಾಗಿ ಆಗುವುದಿಲ್ಲ. ಒಂದು ಜ್ವರ, ಒಂದು ಆಪರೇಷನ್, ಒಂದು ಸಲ ಜಾರಿ ಬಿದ್ದದ್ದು, ಹೀಗೆ ಒಂದೊಂದು ಪೆಟ್ಟಿಗೂ ದಿಢೀರ್ ಅಂತ ಒಂದು ಮೆಟ್ಟಿಲು ಕೆಳಗೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಾಲುಗಳಲ್ಲೇ ಸುಮಾರು ಒಂದು ಕಿಲೋ ಸ್ನಾಯುಭಾಗ ಹೋಗಿತ್ತು. ಅವರಿಗೆ ಜ್ವರವಿರಲಿಲ್ಲ, ಊಟವೂ ಲೆಕ್ಕದ ಪ್ರಕಾರವೇ ಇತ್ತು. ನಿಮ್ಮ ಅವ್ವಾರಿಗೆ ಹತ್ತು ದಿನದ ಹಾಸಿಗೆಯ ಮೇಲೆ ಜ್ವರ, ಶುಗರ್, ಗಂಜಿ ಊಟ ಮೂರೂ ಕೂಡಿದ್ದವು. ಹರೆಯದವರಾದರೆ ಜ್ವರ ಬಿಟ್ಟ ತಿಂಗಳೊಪ್ಪತ್ತಿನಲ್ಲಿ ಹೋದದ್ದು ಮರಳಿ ಬರುತ್ತದೆ. ಅರವತ್ತು ದಾಟಿದ ಸ್ನಾಯುವಿಗೆ ಕಿವಿ ಮಂದವಾದ ಹಾಗೆ. ಮೊದಲಿನಷ್ಟೇ ಊಟ, ಮೊದಲಿನಷ್ಟೇ ಓಡಾಟ ಕೊಟ್ಟರೆ ಅದು ಬೆಳೆಯುವುದಿಲ್ಲ. ಎರಡೂ ಹೆಚ್ಚು ಬೇಕಾಗುವ ವಯಸ್ಸಿನಲ್ಲೇ ನಮ್ಮ ಮನೆಗಳಲ್ಲಿ ಎರಡೂ ಕಡಿಮೆಯಾಗುತ್ತವೆ. "ಈ ವಯಸ್ಸಿನಾಗ ಎಷ್ಟು ಉಂಡೇನು" ಎಂದು ಹಿರಿಯರೇ ಅನ್ನುತ್ತಾರೆ, "ನೀ ಕುಂಡ್ರವ್ವಾ, ನಾ ಮಾಡ್ತೀನಿ" ಎಂದು ಸೊಸೆಯಂದಿರು ಪ್ರೀತಿಯಿಂದಲೇ ಕೂಡಿಸುತ್ತಾರೆ. ಶುಗರ್ ಇದ್ದವರಿಗೆ ಇದರ ಹೊಡೆತ ಇಮ್ಮಡಿ. ಉಂಡ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆಯಾದಷ್ಟೂ ಶುಗರ್ ಹತೋಟಿ ಕಷ್ಟ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಅವ್ವಾರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂಡಲಿ. ನೀವು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸೆಕೆಂಡು ನೋಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲು ಸೋತಿವೆ ಎಂದರ್ಥ. ಟೇಲರ್ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗ ಅಳೆಯಿರಿ. ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಸ್ನಾಯು ಬತ್ತಿರುವ ಅನುಮಾನ (ಗಂಡಸರಿಗೆ ಈ ಗಡಿ 34). ಕಾಲು ಬಾತಿದ್ದರೆ ಈ ಅಳತೆ ನಂಬಬೇಡಿ. ಇವು ನನ್ನ ಲೆಕ್ಕವಲ್ಲ, ಏಷ್ಯಾದ ತಜ್ಞರ ಗುಂಪು 2019ರಲ್ಲಿ ಏಷ್ಯಾದ ಜನರಿಗೆಂದೇ ಹಾಕಿಕೊಟ್ಟ ಗಡಿಗಳು.

ಕಿಡ್ನಿಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಪ್ರೋಟೀನ್ ತಿಂದರೆ ಕಿಡ್ನಿ ಹೋಗುತ್ತದೆ ಎನ್ನುವ ಮಾತು ಗಟ್ಟಿ ಕಿಡ್ನಿಯವರ ಮಟ್ಟಿಗೆ ಸುಳ್ಳು; ಬೇಳೆ, ಹಾಲು, ತತ್ತಿ ಯಾರ ಕಿಡ್ನಿಯನ್ನೂ ತಿಂದುಹಾಕಿಲ್ಲ. ಮೊದಲೇ ಕುಂದಿದ ಕಿಡ್ನಿಗೆ ಮಾತ್ರ ವಿಪರೀತ ಪ್ರೋಟೀನ್ ಹೊರೆಯಾಗುತ್ತದೆ. ಹಾಗಾದರೆ ನಿಮ್ಮ ಅವ್ವಾರ ಕಿಡ್ನಿ ಹೇಗಿದೆ? ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ; ಲ್ಯಾಬ್ ಚೀಟಿಯಲ್ಲಿ ಅದು 1.1, ನಾರ್ಮಲ್ ಎಂದಿದೆ. ಆ ನಾರ್ಮಲ್ ಗಡಿ ವಯಸ್ಸು ನೋಡುವುದಿಲ್ಲ. ಕ್ರಿಯಾಟಿನಿನ್ ಜೊತೆ ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನೂ ಸೇರಿಸಿ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಲೆಕ್ಕ ಹಾಕುವ ಸೂತ್ರವಿದೆ. ಅದನ್ನು ಇಜಿಎಫ್‌ಆರ್ ಅನ್ನುತ್ತಾರೆ. 69ರ ಹೆಂಗಸಿಗೆ 1.1 ಇದ್ದರೆ ಅದು ಸುಮಾರು 54 ಬರುತ್ತದೆ. 60ಕ್ಕಿಂತ ಕಡಿಮೆ ಇದ್ದು ಮೂರು ತಿಂಗಳು ಹಾಗೇ ಉಳಿದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಇದರೊಳಗೆ ಇನ್ನೊಂದು ತೊಡಕು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯು ಬತ್ತಿದವರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಇನ್ನಷ್ಟು ಕುಂದಿದ್ದರೂ ಚೀಟಿ ಚೆನ್ನಾಗಿಯೇ ಕಾಣುತ್ತದೆ.

ಹೆದರಬೇಡಿ, ಡಯಾಲಿಸಿಸ್ ಮಾತು ಇದಲ್ಲ. ಈ ಹಂತದಲ್ಲಿ ಸಾವಿರಾರು ಹಿರಿಯರು ಆರಾಮವಾಗಿ ಬದುಕಿದ್ದಾರೆ. ಆದರೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಬೇಕು, ಮೂತ್ರದಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸೋರಿ ಹೋಗುತ್ತಿದೆಯೇ ಎಂಬ ಪರೀಕ್ಷೆ ಆಗಬೇಕು. ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಹೋದರೂ ಸರಿ, ಖಾಸಗಿ ಲ್ಯಾಬಿಗೆ ಹೋದರೂ ಸರಿ, 'ಯೂರಿನ್ ಅಲ್ಬುಮಿನ್ ಕ್ರಿಯಾಟಿನಿನ್ ರೇಶಿಯೋ' ಎಂದು ಬರೆಸಿಕೊಳ್ಳಿ. ಮತ್ತೆ ಆ ಮೊಣಕಾಲಿನ ಗುಳಿಗೆ! ಪ್ರೋಟೀನ್ ಡಬ್ಬಿಗೆ ಹೆದರುವ ಮನೆಗಳಲ್ಲೇ ಡೈಕ್ಲೋಫಿನಾಕ್, ಐಬುಪ್ರೊಫೆನ್ ಪಟ್ಟಿಗಳು ಡ್ರಾವರಿನಲ್ಲಿ ಬಿದ್ದಿರುತ್ತವೆ. ಶುಗರ್ ಇದ್ದ, ವಯಸ್ಸಾದ ಕಿಡ್ನಿಗೆ ನಿಜವಾದ ವೈರಿ ಅವು. ಅದನ್ನು ಇವತ್ತೇ ನಿಲ್ಲಿಸಿ. ನೋವು ತಡೆಯದಿದ್ದರೆ ಪ್ಯಾರಸಿಟಮಾಲ್ ಎಷ್ಟು ಕೊಡಬಹುದೆಂದು ನಿಮ್ಮ ವೈದ್ಯರನ್ನು ಕೇಳಿ.

ಇಂಥವರಿಗೆ ಎಷ್ಟು ಪ್ರೋಟೀನ್? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 65 ದಾಟಿದ ಆರೋಗ್ಯವಂತರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹೇಳಿದರು. ಕಿಡ್ನಿ ಕುಂದಿದವರಿಗೆ 2024ರ ಕಿಡ್ನಿ ಮಾರ್ಗಸೂಚಿ 0.8 ಅನ್ನುತ್ತದೆ, 1.3 ದಾಟಬೇಡಿ ಅನ್ನುತ್ತದೆ, ಜೊತೆಗೆ ಸ್ನಾಯು ಬತ್ತಿದ ಹಿರಿಯರಿಗೆ ಸ್ವಲ್ಪ ಹೆಚ್ಚು ಕೊಡುವುದನ್ನು ಯೋಚಿಸಿ ಎಂದೂ ಅನ್ನುತ್ತದೆ. ನೀವು ಬರೆದ ಊಟದ ಲೆಕ್ಕ ಹಾಕಿದರೆ ಅವ್ವಾರ ಹೊಟ್ಟೆಗೆ ಹೋಗುತ್ತಿರುವುದು ಅಂದಾಜು 28 ಗ್ರಾಂ, ಅಂದರೆ ಕಿಲೋಗೆ 0.55. ಕಿಡ್ನಿ ರೋಗಿಗೆ ಹೇಳುವ ಮಿತಿಯೂ ಇದಕ್ಕಿಂತ ಮೇಲಿದೆ! ಹಾಗಾಗಿ ದಿನಕ್ಕೆ 42ರಿಂದ 50 ಗ್ರಾಂವರೆಗೆ ಏರಿಸುವುದಕ್ಕೆ ಯಾವ ವೈದ್ಯರ ತಕರಾರೂ ಇರಲಾರದು. ಅದಕ್ಕಿಂತ ಮೇಲೆ ಹೋಗಬೇಕೋ ಬೇಡವೋ ಎಂಬುದನ್ನು ಮೂತ್ರ ಪರೀಕ್ಷೆ ಬಂದ ಮೇಲೆ ನೋಡಿದರಾಯಿತು.

ನಮ್ಮ ಕಡೆಯ ಊಟದಲ್ಲಿ ಪ್ರೋಟೀನಿಗೆ ಬರವಿಲ್ಲ, ತಾಟಿನಲ್ಲಿ ಅದು ಹಿಂದೆ ಸರಿದಿದೆ ಅಷ್ಟೇ. ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ಒಂದು ರೊಟ್ಟಿಗೆ ನಾಲ್ಕೂವರೆ ಹಿಡಿಯಿರಿ. ಆದರೆ ಜೋಳದಲ್ಲಿ ಪ್ರೋಟೀನ್ ಕಟ್ಟಲು ಬೇಕಾದ ಲೈಸೀನ್ ಎಂಬ ಅಂಶ ತೀರಾ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಗೆ ಹೆಸರುಕಾಳು, ಮಡಿಕೆಕಾಳು, ಅಲಸಂದಿ ಪಲ್ಯ ಜೋಡಿಯಾಗಿ ಬಂದದ್ದು ಸುಮ್ಮನೆ ಅಲ್ಲ. ಈಗ ಕಾಳು ಬಿಟ್ಟು ಬರೀ ಬದನೆಕಾಯಿ, ಮೆಂತೆ ಪಲ್ಯ ಉಳಿದಾಗ ಆ ಜೋಡಿ ಮುರಿದಿದೆ. ಇನ್ನೊಂದು ತಪ್ಪು ತಿಳಿವಳಿಕೆ ಕಟ್ಟಿನ ಸಾರಿನದು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ರುಚಿ ಇಳಿಯುತ್ತದೆ; ಪ್ರೋಟೀನ್ ಬಹುಪಾಲು ಬೇಳೆಯಲ್ಲೇ ಉಳಿದು ಹೋಳಿಗೆಯ ಹೂರಣಕ್ಕೆ ಹೋಗುತ್ತದೆ. ಸಾರು ಉಂಡರೆ ಬೇಳೆ ಉಂಡಂತೆ ಎಂದುಕೊಂಡವರ ಮನೆಯಲ್ಲಿ ಹಿರಿಯರಿಗೆ ಸಿಗುವುದು ತಿಳಿನೀರು. (ಧಾರವಾಡ ಪೇಡೆ ಹಾಲಿನದ್ದೇ ಅಲ್ಲವೇ, ಅದರಲ್ಲಿ ಪ್ರೋಟೀನ್ ಇರೋದಿಲ್ಲವೇ ಎಂದು ಕೇಳಿದ ಅಜ್ಜಂದಿರೂ ಇದ್ದಾರೆ. ಇದೆ. ಸಕ್ಕರೆಯೂ ಇದೆ.)

ಅವ್ವಾರಿಗೆ ನಾನು ಹೀಗೆ ಯೋಚಿಸುತ್ತೇನೆ. ಬಿಸ್ಕೀಟು-ಉಪ್ಪಿಟ್ಟಿನ ಜಾಗದಲ್ಲಿ ಒಂದು ಹಿಡಿ ತುಂಬ, ಅಂದರೆ 40 ಗ್ರಾಂ, ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆ ಮತ್ತು ಅರ್ಧ ಲೋಟ ಸಕ್ಕರೆಯಿಲ್ಲದ ಹಾಲು: 12 ಗ್ರಾಂ. ಮಧ್ಯಾಹ್ನ ಒಂದು ರೊಟ್ಟಿ, ಮೊಳಕೆ ಕಾಳಿನ ಗಟ್ಟಿ ಪಲ್ಯ, ನೀರು ಮಜ್ಜಿಗೆಯ ಬದಲು ಬಟ್ಟಲು ಕೆನೆ ತೆಗೆದ ಮೊಸರು, ಒಂದೂವರೆ ಚಮಚ ಶೇಂಗಾ ಹಿಂಡಿ: ಸುಮಾರು 20. ಸಂಜೆ ಮಂಡಕ್ಕಿ ಬಿಟ್ಟು ಒಂದು ಮುಷ್ಟಿ ಪುಟಾಣಿ: 4. ರಾತ್ರಿ ಅನ್ನ ಅರ್ಧ ಮಾಡಿ ಝುಣಕ ಅಥವಾ ಗಟ್ಟಿ ತೊಗರಿಬೇಳೆ, ಮಲಗುವ ಮುಂಚೆ ಸ್ವಲ್ಪ ಹಾಲು: 14. ಒಟ್ಟು 50ರ ಹತ್ತಿರ ಬರುತ್ತದೆ, ಶುಗರಿಗೂ ಮೊದಲಿನ ಊಟಕ್ಕಿಂತ ಇದು ಮೇಲು. ಇದನ್ನೆಲ್ಲ ರಾತ್ರಿಯ ಒಂದೇ ಊಟಕ್ಕೆ ತುಂಬಬೇಡಿ. ಸ್ನಾಯುವಿಗೆ ಮೂರೂ ಹೊತ್ತು ಸಿಗುವುದು ಒಳ್ಳೆಯದು. ನಿಮ್ಮಲ್ಲಿ ತತ್ತಿ ತಿನ್ನುವ ರೂಢಿಯಿದ್ದರೆ ಒಂದು ತತ್ತಿಗೆ 6 ಗ್ರಾಂ, ಮೆತ್ತಗೆ, ಹಲ್ಲಿಲ್ಲದವರಿಗೂ ಸುಲಭ.

ಗ್ಯಾಸಿನ ತೊಂದರೆ ನಿಜ, ಆದರೆ ವರ್ಷಗಟ್ಟಲೆ ಕಾಳು ಬಿಟ್ಟ ಹೊಟ್ಟೆಗೆ ಒಮ್ಮೆಲೇ ಬಟ್ಟಲು ತುಂಬ ಕೊಟ್ಟರೆ ಯಾರಿಗಾದರೂ ಉಬ್ಬರಿಸುತ್ತದೆ. ಮೊದಲ ವಾರ ಎರಡು ಚಮಚ ಹೆಸರುಬೇಳೆ, ಆಮೇಲೆ ಮೊಳಕೆ ಹೆಸರುಕಾಳು, ಕಡಲೆ ಎಲ್ಲಕ್ಕಿಂತ ಕೊನೆಗೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಇಂಗು-ಅಜವಾನ ಹಾಕಿ ಮೆತ್ತಗೆ ಬೇಯಿಸಿ. ಎರಡು-ಮೂರು ವಾರದಲ್ಲಿ ಹೊಟ್ಟೆ ಒಗ್ಗುತ್ತದೆ. ಯೂರಿಕ್ ಆಸಿಡ್ 6.8 ಎಂದು ಬೇಳೆ ಬಿಡಿಸುವುದು ನಮ್ಮ ಭಾಗದಲ್ಲಿ ಒಂದು ಚಟವೇ ಆಗಿಬಿಟ್ಟಿದೆ. ಕಾಲಿನ ಹೆಬ್ಬೆರಳು ಕೆಂಪಗೆ ಊದಿ ನೋಯುವ ಗೌಟ್ ಇಲ್ಲದಿದ್ದರೆ ಆ ಸಂಖ್ಯೆಗೆ ಪಥ್ಯ ಬೇಕಿಲ್ಲ. ಗೌಟಿಗೆ ದಾರಿ ಮಾಡುವುದು ಮಾಂಸ, ಸಮುದ್ರದ ಮೀನು, ಸೆರೆ. ಬೇಳೆ-ಕಾಳಿನಿಂದ ಗೌಟ್ ಹೆಚ್ಚುವುದಿಲ್ಲ ಎಂದು ದೊಡ್ಡ ಅಧ್ಯಯನಗಳೇ ತೋರಿಸಿವೆ.

ಇಷ್ಟು ಉಣಿಸಿದರೂ ಅರ್ಧ ಕೆಲಸ ಮಾತ್ರ ಆದಂತೆ. ಬೋಸ್ಟನ್ನಿನ ವೃದ್ಧಾಶ್ರಮವೊಂದರ ನೂರು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಸರಾಸರಿ ವಯಸ್ಸು 87. ಹತ್ತು ವಾರ ಕೆಲವರಿಗೆ ತೂಕದ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಕಸುವು ಇಮ್ಮಡಿಗಿಂತ ಹೆಚ್ಚಾಯಿತು. ಬರೀ ಪೇಯ ಕುಡಿದವರಿಗೆ ಏನೂ ಆಗಲಿಲ್ಲ. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ.

ವಾಕಿಂಗ್ ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಒಳ್ಳೆಯದು. ತೊಡೆಗೆ ಅದು ಸಾಲದು, ಯಾಕೆಂದರೆ ಸಮತಟ್ಟಾದ ಅಂಗಳದಲ್ಲಿ ಎರಡು ಸುತ್ತು ಹಾಕಲು ತೊಡೆ ಕಷ್ಟಪಡಬೇಕಾಗಿಲ್ಲ. ಗರಡಿಮನೆಯ ಪೈಲ್ವಾನರು ಓಡಾಡಿ ತೊಡೆ ಬೆಳೆಸಲಿಲ್ಲ, ಬೈಠಕ್ ಹೊಡೆದು ಬೆಳೆಸಿದರು. ಹೆಂಗಸರಿಗೆ ಗರಡಿಯ ಬಾಗಿಲು ತೆರೆದಿರಲಿಲ್ಲ, ಆದರೆ ಬೀಸುವಕಲ್ಲು, ಬಾವಿಯ ಹಗ್ಗ, ತಲೆ ಮೇಲಿನ ಕೊಡ ಆ ಕೆಲಸ ಮಾಡುತ್ತಿದ್ದವು. ಆ ಕಾಲ ಚಂದವಿತ್ತೆಂದು ನಾನು ಹೇಳುತ್ತಿಲ್ಲ, ಅದೇ ದುಡಿತದಲ್ಲಿ ಎಷ್ಟೋ ಜನರ ಸೊಂಟ ಮುರಿಯಿತು. ಮಿಕ್ಸರ್, ನಳ ಬಂದ ಮೇಲೆ ಸ್ನಾಯುವಿಗೆ ಭಾರ ಬೀಳುವ ಹೊತ್ತೇ ಇಲ್ಲವಾಗಿದೆ, ಅದನ್ನು ಬೇರೆ ದಾರಿಯಿಂದ ಕೊಡಬೇಕು.

ಅವ್ವಾರ ಬೈಠಕ್ ಕುರ್ಚಿಯಿಂದ ಶುರುವಾಗಲಿ. ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿ. ಕೈ ಊರದೆ ಎದ್ದು, ನಿಧಾನವಾಗಿ ಮೂರು ಎಣಿಸುತ್ತ ಕೂಡಬೇಕು. ಎಂಟು ಸಲ, ಸ್ವಲ್ಪ ದಣಿವಾರಿಸಿ ಮತ್ತೆ ಎಂಟು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕೊನೆಯ ಎರಡು ಸಲ ಏಳುವಾಗ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಒಂದು ದಿಂಬು ತೆಗೆಯಿರಿ. ಎರಡೂ ತೆಗೆದ ಮೇಲೆ ಕೈಯಲ್ಲಿ ನೀರು ತುಂಬಿದ ಒಂದು ಲೀಟರ್ ಬಾಟಲಿ ಹಿಡಿಸಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಅಂಗೈ ಒತ್ತಿ ತಳ್ಳುವುದು, ಕೈಗಂಬಿ ಹಿಡಿದು ಮೆಟ್ಟಿಲು ಹತ್ತುವುದನ್ನೂ ಸೇರಿಸಿ. ಉಸಿರು ಬಿಗಿ ಹಿಡಿಯಬಾರದು, ಬಿಪಿ ಏರುತ್ತದೆ. ಮರುದಿನ ತೊಡೆ ಹಿಡಿದಂತಾದರೆ ಗಾಬರಿ ಬೇಡ. ಮೊಣಕಾಲು ಊದಿದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊಣಕಾಲು ಸವೆದವರು ಇದನ್ನು ಮಾಡಬಾರದೆಂಬ ಭಯ ಎಲ್ಲರಿಗೂ ಇದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ನೋವು ತಗ್ಗುವುದೇ ಹೆಚ್ಚು. ಮೊದಲ ಕೆಲವು ಸಲ ಫಿಸಿಯೋಥೆರಪಿಸ್ಟ್ ಒಬ್ಬರ ಮುಂದೆ ಮಾಡಿಸಿದರೆ ಅವ್ವಾರಿಗೂ ಧೈರ್ಯ, ನಿಮಗೂ ಧೈರ್ಯ.

ಪುಡಿಯ ಮಾತು ಇನ್ನು ಸ್ವಲ್ಪವೇ ಉಳಿದಿದೆ. ಪ್ರೋಟೀನ್ ಪುಡಿ ವಿಷವಲ್ಲ, ಸ್ಟೆರಾಯ್ಡ್ ಕೂಡ ಅಲ್ಲ. ವೇ ಎಂಬ ಬಗೆಯ ಪುಡಿ ಹಾಲಿನಿಂದಲೇ ಬರುವುದು. ಹಲ್ಲಿಲ್ಲದವರಿಗೆ, ಆಪರೇಷನ್ ಆಗಿ ಊಟ ಸೇರದವರಿಗೆ ಒಂದೆರಡು ತಿಂಗಳು ನಾನೇ ಬರೆದುಕೊಡುತ್ತೇನೆ. ಆದರೆ ಒಂದು ದೊಡ್ಡ ಚಮಚದಲ್ಲೇ 24-25 ಗ್ರಾಂ ಪ್ರೋಟೀನ್ ಇರುವ ಪುಡಿಗಳಿವೆ. ಊಟದ ಮೇಲೆ ಅದನ್ನು ದಿನಕ್ಕೆ ಎರಡು ಸಲ ಕೊಟ್ಟರೆ ನಿಮ್ಮ ಅವ್ವಾರಿಗೆ ಹೇಳಿದ 1.3ರ ಗಡಿ ಸಲೀಸಾಗಿ ದಾಟುತ್ತದೆ. ಹಿರಿಯರಿಗೆಂದೇ ಮಾರುವ ಕೆಲವು ಡಬ್ಬಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆ, ಮಾಲ್ಟೋಡೆಕ್ಸ್ಟ್ರಿನ್ (ಸಕ್ಕರೆಯಂತೆಯೇ ಶುಗರ್ ಏರಿಸುವ ಪಿಷ್ಟದ ಪುಡಿ) ಜಾಸ್ತಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬಿಟ್ಟು ಊಟವನ್ನೇ ನೆಚ್ಚಿಕೊಳ್ಳಿ ಅನ್ನುತ್ತದೆ. ಪರೀಕ್ಷೆಗಳು ಚೆನ್ನಾಗಿ ಬಂದು, ಊಟ ಮಾತ್ರ ಏರದಿದ್ದರೆ ಆಗ ಅರ್ಧ ಚಮಚದ ಮಾತು ಆಡೋಣ.

ಉಪವಾಸದ ದಿನ ಗ್ಲಿಮೆಪಿರೈಡ್ ಏನು ಮಾಡುತ್ತಿದ್ದೀರಿ ಎಂದು ನೀವು ಬರೆದಿಲ್ಲ. ಉಣ್ಣದೆ ಆ ಗುಳಿಗೆ ನುಂಗಿದರೆ ಶುಗರ್ ಪಾತಾಳಕ್ಕಿಳಿದು ಬೀಳುವ ಅಪಾಯವಿದೆ. ಕಿಡ್ನಿ ಕುಂದಿದ್ದರೆ ಇನ್ನೂ ಹೆಚ್ಚು. ಮುಂದಿನ ಸೋಮವಾರದ ಒಳಗೆ ಇದನ್ನು ವೈದ್ಯರ ಹತ್ತಿರ ಕೇಳಿ. ಅವ್ವಾರು ವ್ರತ ಬಿಡಲೊಪ್ಪದಿದ್ದರೆ ಹಾಲು, ಮೊಸರು, ಶೇಂಗಾ ನಡೆಯುತ್ತವೆಯೇ ನೋಡಿ. ಬರೀ ಸಾಬೂದಾಣಿ ಕಿಚಡಿಯಿಂದ ಶುಗರ್ ಏರುತ್ತದೆ, ಸ್ನಾಯುವಿಗೆ ಸಿಗುವುದು ಅದರೊಳಗಿನ ಶೇಂಗಾ ಪುಡಿಯಷ್ಟೇ. ವ್ಯಾಯಾಮ ಶುರುವಾದ ಮೇಲೆ ಶುಗರ್ ಇಳಿಯತೊಡಗುವುದೂ ಉಂಟು, ಆಗ ಗುಳಿಗೆಯ ಪ್ರಮಾಣ ತಗ್ಗಿಸಬೇಕಾಗಬಹುದು.

ವೈದ್ಯರ ಹತ್ತಿರ ಹೋಗುವಾಗ ಹಳೆಯ ಎಲ್ಲ ಕ್ರಿಯಾಟಿನಿನ್ ಚೀಟಿಗಳನ್ನು ಒಯ್ಯಿರಿ. ಜ್ವರಕ್ಕೆ ಮುಂಚೆ ಎಷ್ಟಿತ್ತು ಎನ್ನುವುದು ಬಹಳ ಹೇಳುತ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ಬಿ12, ಡಿ ವಿಟಮಿನ್, ಹಿಮೋಗ್ಲೋಬಿನ್, ಎದೆಯ ಎಕ್ಸ್‌ರೇ ಆಗಿವೆಯೇ ನೋಡಿ. ಆರು ವಾರ ಕಳೆದ ಮೇಲೆ ಕುರ್ಚಿ ಪರೀಕ್ಷೆ ಮತ್ತೆ ಮಾಡಿ, ಸೆಕೆಂಡುಗಳು ಇಳಿದಿದ್ದರೆ ಹೀಗೇ ಮುಂದುವರಿಯಲಿ. ತೂಕ ಮಾತ್ರ ಪ್ರತಿ ಭಾನುವಾರ ನೋಡುತ್ತಿರಿ. 50ಕ್ಕಿಂತ ಕೆಳಗೆ ಹೋದರೆ ಆರು ವಾರ ಕಾಯುತ್ತ ಕೂಡಬೇಡಿ.